ಪಿಕಪ್ ಗಾಡಿಗೆ ಉಕ್ಕಿನ ಬಂಪರೂ ವಿಂಚೂ: ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಮುಂಗಾರು ಸಮೀಪಿಸಿದಂತೆ ಸಂಘದ ಕಛೇರಿಗೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತ, ಸುಣ್ಣಗಳ ವಿಚಾರದ ಜೊತೆಗೆ ಈಚೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಿದ್ದಾರೆ. ಪಿಕಪ್ ಗಾಡಿಯ ಮುಂದಿನ ಬಂಪರನ್ನು ತೆಗೆಸಿ, ದಪ್ಪ ಉಕ್ಕಿನ ಬಂಪರ್ ಹಾಕಿಸಿ, ಅದರೊಳಗೆ ವಿಂಚ್ ಕೂರಿಸಬೇಕೆಂದಿದ್ದೇವೆ, ಯಾವ ಬಗೆಯದು ಒಳ್ಳೆಯದು ಎಂಬುದೇ ಆ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ತೋಟದ ರಸ್ತೆಗಳ ಸ್ಥಿತಿ ಏನೆಂಬುದು ನಮಗೆಲ್ಲ ಗೊತ್ತಿರುವುದೇ. ಅಡಿಕೆಗೆ ಔಷಧಿ ಹೊಡೆಯಲು ಮಳೆ ಹೊಳವು ಕೊಟ್ಟ ಒಂದೇ ದಿನ ಗಾಡಿ ಕೆಸರಿನಲ್ಲಿ ಹೂತು ನಿಂತರೆ ಕೊಳೆರೋಗ ನಮಗಾಗಿ ಕಾದು ಕೂರುವುದಿಲ್ಲ. ಆದ್ದರಿಂದ ಇದನ್ನು ಬರೀ ಷೋಕಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಹಾಗೆಂದು ಅಂಗಡಿಯವರು ತೋರಿಸಿದ್ದನ್ನೆಲ್ಲ ಕೊಳ್ಳುವಂತೆಯೂ ಇಲ್ಲ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಕೆಸರಿನಿಂದ ಗಾಡಿಯನ್ನು ಎಳೆಯುವುದು ವಿಂಚೇ ಹೊರತು ಬಂಪರಲ್ಲ. ಮಾರುವವರು ಎರಡನ್ನೂ ಒಟ್ಟಿಗೆ ಮಾರುತ್ತಾರೆಂದು ನಾವೂ ಎರಡನ್ನೂ ಒಂದೇ ಎಂದು ಭಾವಿಸಬೇಕಾಗಿಲ್ಲ. ನಮಗೆ ಬೇಕಾದದ್ದು ಎಳೆತ. ಆ ಎಳೆತವನ್ನು ಬಂಪರ್ ಮುಟ್ಟದೆಯೂ ಪಡೆಯಬಹುದು ಎಂಬುದೇ ಈ ಲೇಖನದ ಸಾರಾಂಶ.

ಬಂಪರಿನ ಕೆಲಸ

ದನ, ಕಾಂಗರೂಗಳಂಥ ಪ್ರಾಣಿಗಳು ರಾತ್ರಿ ಅಡ್ಡ ಬರುವ, ನೂರಾರು ಮೈಲಿಗೊಂದು ಊರಿರುವ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಬುಲ್ ಬಾರ್ ಬಳಕೆಗೆ ಬಂತು. ರೇಡಿಯೇಟರ್ ಒಡೆದರೆ ಅಲ್ಲಿ ಪ್ರಾಣಕ್ಕೇ ಸಂಚಕಾರ. ನಮ್ಮಲ್ಲಿ ಪರಿಸ್ಥಿತಿ ಬೇರೆ. ನಮ್ಮ ಗಾಡಿಗಳು ತೋಟದಿಂದ ಹೊರಟು ಶಾಲೆಯ ಮಕ್ಕಳು, ಸಂತೆಗೆ ಹೋಗುವವರು, ಸ್ಕೂಟರಿನವರು ಓಡಾಡುವ ರಸ್ತೆಯಲ್ಲೇ ಸಾಗಬೇಕು.

ಕಂಪೆನಿಯಿಂದ ಬರುವ ಬಂಪರ್ ಮತ್ತು ಅದರ ಹಿಂದಿನ ಭಾಗಗಳನ್ನು ಡಿಕ್ಕಿಯಾದಾಗ ಮಡಚಿಕೊಳ್ಳುವಂತೆ ಮಾಡಿರುತ್ತಾರೆ. ಅದು ಮಡಚಿಕೊಂಡಷ್ಟೂ ಹೊಡೆತದ ಬಲ ಒಳಗಿರುವವರಿಗೆ ಕಡಿಮೆ ತಾಗುತ್ತದೆ. ಎದುರಿಗೆ ಸಿಕ್ಕಿದ ಮನುಷ್ಯನಿಗೂ ಅಷ್ಟರಮಟ್ಟಿಗೆ ಪೆಟ್ಟು ಕಡಿಮೆ. ಅದರ ಜಾಗದಲ್ಲಿ ಮಡಚದ ಉಕ್ಕನ್ನು ನೇರವಾಗಿ ಷಾಸಿಗೆ ಬಿಗಿದರೆ ಹೊಡೆತವೆಲ್ಲ ಷಾಸಿಯ ಮೂಲಕ ಒಳಗೆ ಬರುತ್ತದೆ, ಹೊರಗಿದ್ದವನಿಗೂ ಪೂರ್ತಿ ತಗಲುತ್ತದೆ. ಏರ್‌ಬ್ಯಾಗ್ ಇರುವ ಗಾಡಿಗಳಲ್ಲಂತೂ, ಹೊಡೆತವನ್ನು ಅಳೆದು ಚೀಲವನ್ನು ಉಬ್ಬಿಸುವ ಉಪಕರಣದ ಲೆಕ್ಕಾಚಾರವೇ ಏರುಪೇರಾಗಬಹುದು. ಚೀಲ ಉಬ್ಬಬೇಕಾದ ಹೊತ್ತಿಗೆ ಉಬ್ಬದಿದ್ದರೆ ಅದು ಇದ್ದೂ ಇಲ್ಲದಂತೆ.

ಕಾನೂನಿನ ಮಾತು

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದು, ವಾಹನಗಳಿಗೆ ಕ್ರಾಷ್ ಗಾರ್ಡ್, ಬುಲ್ ಬಾರ್ ಹಾಕುವುದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧವೆಂದೂ, ಹಾಕಿದವರ ಮೇಲೆ ಕ್ರಮ ಕೈಗೊಳ್ಳಬೇಕೆಂದೂ ತಿಳಿಸಿತು. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ 182ಎ ಕಲಮಿನ ಪ್ರಕಾರ, ಕಾಯ್ದೆ ಒಪ್ಪದ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

"ನಮ್ಮ ಗಾಡಿ ಓಡುವುದು ತೋಟದೊಳಗೆ ಮಾತ್ರ" ಎಂದು ಕೆಲವರು ಹೇಳುವುದುಂಟು. ಆದರೆ ಅದೇ ಗಾಡಿ ಕಾಫಿ ಮೂಟೆ ಹೊತ್ತು ಸಂಘದ ಗೋದಾಮಿಗೆ ಬರುತ್ತದೆ, ಗೊಬ್ಬರ ತರಲು ಪೇಟೆಗೆ ಹೋಗುತ್ತದೆ. ದಂಡ ಕಟ್ಟಿ ಮುಗಿಯುವ ವಿಷಯವೂ ಇದಲ್ಲ. ಅಪಘಾತವಾದಾಗ ವಿಮಾ ಕಂಪೆನಿಗೆ ತಿಳಿಸದೆ ಮಾಡಿದ ಮಾರ್ಪಾಡು ಪರಿಹಾರದ ವಿಚಾರದಲ್ಲಿ ತಕರಾರಿಗೆ ದಾರಿಯಾಗುತ್ತದೆ. ಪರಿಹಾರದ ಹಣ ಸಾವಿರಗಳಲ್ಲಿರುವುದಿಲ್ಲ, ಲಕ್ಷಗಳಲ್ಲಿರುತ್ತದೆ. ತೋಟವನ್ನೇ ಅಡವಿಡಬೇಕಾಗಿ ಬರುವ ಸಂಗತಿ ಅದು. ಆದ ಕಾರಣ ಉಕ್ಕಿನ ಬಂಪರನ್ನು ಹಾಕಿಸಬಾರದೆಂದೇ ನಮ್ಮ ಸ್ಪಷ್ಟ ಸಲಹೆ.

ಮುಂಭಾಗದ ಭಾರ

ಕಾನೂನನ್ನು ಬದಿಗಿಟ್ಟು ನೋಡಿದರೂ ಲೆಕ್ಕ ನಮಗೆ ಅನುಕೂಲವಾಗಿಲ್ಲ. ಬಂಪರ್ 60 ಕಿಲೋ, ಉಕ್ಕಿನ ಹಗ್ಗದ ಸಮೇತ ವಿಂಚ್ 40 ಕಿಲೋ, ಒಟ್ಟು 100 ಕಿಲೋ ಎಂದಿಟ್ಟುಕೊಳ್ಳಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರ್ ಅಂತರ, ಬಂಪರ್ ಇರುವುದು ಮುಂದಿನ ಆಕ್ಸಲ್‌ಗಿಂತ 90 ಸೆಂಟಿಮೀಟರ್ ಮುಂದೆ. ಸನ್ನೆಕೋಲಿನ ಲೆಕ್ಕದಂತೆ ಮುಂದಿನ ಆಕ್ಸಲ್ ಮೇಲೆ ಹೆಚ್ಚುವ ಭಾರ 130 ಕಿಲೋ. ಹಿಂದಿನ ಆಕ್ಸಲ್ ಮೇಲಿನ ಭಾರ 30 ಕಿಲೋದಷ್ಟು ಕಡಿಮೆಯಾಗುತ್ತದೆ.

ನಮ್ಮ ಕಡೆಯ ಪಿಕಪ್‌ಗಳಲ್ಲಿ ಹೆಚ್ಚಿನವು ಹಿಂದಿನ ಎರಡು ಚಕ್ರಗಳಿಂದ ಮಾತ್ರ ಓಡುವಂಥವು. ಖಾಲಿ ಗಾಡಿ ಒದ್ದೆ ಏರಿನಲ್ಲಿ ಜಾರುವುದೇ ಹಿಂದೆ ಭಾರ ಸಾಲದೆ. ಹೀಗಿರುವಾಗ ಹಿಂಭಾಗವನ್ನು ಇನ್ನೂ ಹಗುರ ಮಾಡಿದರೆ, ಸಿಕ್ಕಿಕೊಳ್ಳದಿರಲೆಂದು ಹಾಕಿದ ಸಾಮಾನೇ ಸಿಕ್ಕಿಕೊಳ್ಳಲು ಕಾರಣವಾಗುತ್ತದೆ. ಮುಂದಿನ ಸ್ಪ್ರಿಂಗು, ಬೇರಿಂಗು, ಟಯರುಗಳ ಸವೆತವಂತೂ ಇದ್ದೇ ಇದೆ. ವಿಂಚ್ ಮತ್ತು ದೊಡ್ಡ ದೀಪಗಳು ರೇಡಿಯೇಟರಿಗೆ ಹೋಗುವ ಗಾಳಿಯನ್ನು ತಡೆದರೆ ಚಾರ್ಮಾಡಿ ಘಾಟಿಯಂಥ ಏರಿನಲ್ಲಿ ಲೋಡು ಹೊತ್ತ ಎಂಜಿನ್ ಕಾಯುತ್ತದೆ.

ಎಷ್ಟು ಶಕ್ತಿಯ ವಿಂಚ್ ಬೇಕು?

ಈಗ ವಿಂಚಿನ ವಿಚಾರಕ್ಕೆ ಬರೋಣ. ಗಾಡಿಯ ಲೋಡು ಸಮೇತದ ಒಟ್ಟು ತೂಕದ ಒಂದೂವರೆಪಟ್ಟು ಎಳೆಯುವ ಶಕ್ತಿ ವಿಂಚಿಗೆ ಇರಬೇಕೆಂಬುದು ರೂಢಿಯ ಲೆಕ್ಕ. ಗಾಡಿ 1,700 ಕಿಲೋ, ಲೋಡು 1,000 ಕಿಲೋ ಇದ್ದರೆ ಒಟ್ಟು 2,700 ಕಿಲೋ. ಅದರ ಒಂದೂವರೆಪಟ್ಟು 4,050 ಕಿಲೋ. ಅಂಗಡಿಗಳಲ್ಲಿ ವಿಂಚಿನ ಶಕ್ತಿಯನ್ನು ಬಹುತೇಕ ಪೌಂಡಿನಲ್ಲಿ ಬರೆದಿರುತ್ತಾರೆ. 9,500 ಪೌಂಡ್ ಎಂದರೆ ಸುಮಾರು 4,300 ಕಿಲೋ, 12,000 ಪೌಂಡ್ ಎಂದರೆ ಸುಮಾರು 5,440 ಕಿಲೋ. ನಮ್ಮ ಉದಾಹರಣೆಯ ಗಾಡಿಗೆ 9,500 ಪೌಂಡಿನದು ಸಾಕು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬರೆದಿರುವ ಶಕ್ತಿ ದೊರೆಯುವುದು ಡ್ರಮ್ಮಿನ ಮೇಲೆ ಹಗ್ಗ ಒಂದೇ ಪದರ ಉಳಿದಿರುವಾಗ ಮಾತ್ರ. ಹಗ್ಗ ಪದರದ ಮೇಲೆ ಪದರ ಸುತ್ತಿಕೊಂಡಂತೆ ಡ್ರಮ್ಮು ದಪ್ಪವಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಒಂದೊಂದು ಪದರಕ್ಕೂ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಕಳೆಯುತ್ತ ಹೋಗಿ ನಾಲ್ಕನೆಯ ಪದರದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೇ ಹೋಗಿರುತ್ತದೆ. ಎಂದರೆ 4,300 ಕಿಲೋದ ವಿಂಚ್ ಅಲ್ಲಿ ಎಳೆಯುವುದು 2,800 ಕಿಲೋದ ಆಸುಪಾಸು.

ಇದನ್ನು ತೋಟದ ಏರಿಗೆ ಅನ್ವಯಿಸಿ ನೋಡೋಣ. ಚಕ್ರಗಳು ಹಬ್‌ವರೆಗೆ ಹೂತಿದ್ದರೆ ಬೇಕಾಗುವ ಎಳೆತ ಗಾಡಿಯ ತೂಕದಷ್ಟು ಎಂದು ಲೆಕ್ಕ ಹಿಡಿಯುತ್ತಾರೆ. ಮಡ್‌ಗಾರ್ಡ್ ಮುಟ್ಟುವಷ್ಟು ಹೂತಿದ್ದರೆ ಅದರ ಎರಡರಷ್ಟು ಬೇಕು. ನಾಲ್ಕು ಅಡಿಗೆ ಒಂದಡಿ ಏರುವ ರಸ್ತೆಯಾದರೆ ತೂಕದ ಕಾಲುಭಾಗದಷ್ಟು ಇನ್ನೂ ಸೇರಿಸಬೇಕು. ಲೋಡಾದ ನಮ್ಮ ಗಾಡಿ ಅಂಥ ಏರಿನಲ್ಲಿ ಹಬ್‌ವರೆಗೆ ಹೂತರೆ ಬೇಕಾದದ್ದು ಸುಮಾರು 3,350 ಕಿಲೋ ಎಳೆತ. ಹತ್ತಿರದ ಮರಕ್ಕೆ ಕಟ್ಟಿ, ಹಗ್ಗವೆಲ್ಲ ಡ್ರಮ್ಮಿನಲ್ಲೇ ಉಳಿದಿದ್ದರೆ ಹೊಸ ವಿಂಚೂ ಸೋಲುತ್ತದೆ. ದೂರದ ಮರಕ್ಕೆ ಕಟ್ಟಿ ಹಗ್ಗವನ್ನು ಹೊರಗೆ ಬಿಟ್ಟಿದ್ದರೆ ಅದೇ ವಿಂಚ್ ಗೆಲ್ಲುತ್ತದೆ. ಹಾಗೆಂದು ಪೂರ್ತಿ ಬಿಡಬಾರದು. ಉಕ್ಕಿನ ಹಗ್ಗವಾದರೆ ಡ್ರಮ್ಮಿನ ಮೇಲೆ ಐದು ಸುತ್ತಾದರೂ, ನೂಲಿನ ಹಗ್ಗವಾದರೆ ಎಂಟು ಹತ್ತು ಸುತ್ತಾದರೂ ಉಳಿದಿರಲೇಬೇಕು.

ಇನ್ನೂ ಸುಲಭದ ಉಪಾಯ ನಮ್ಮ ಕೈಯಲ್ಲೇ ಇದೆ. 50 ಕಿಲೋದ ಇಪ್ಪತ್ತು ಮೂಟೆಗಳನ್ನು ಇಳಿಸಿಬಿಟ್ಟರೆ ಬೇಕಾದ ಎಳೆತ ಸುಮಾರು 2,100 ಕಿಲೋಗೆ ಇಳಿಯುತ್ತದೆ. ಔಷಧಿಯ ಪೀಪಾಯಿಗಳಿದ್ದರೆ ನೀರು ಚೆಲ್ಲಿದರೂ ಆಯಿತು, ಬೆರೆಸಿದ ಬೋರ್ಡೋ ದ್ರಾವಣವನ್ನಂತೂ ಚೆಲ್ಲದೆ ಇಳಿಸಿಡಬೇಕು. ನಾಲ್ಕು ಆಳು ಅರ್ಧ ಗಂಟೆ ಮೂಟೆ ಇಳಿಸುವುದು ಇನ್ನೊಂದು ವಿಂಚ್ ಕೊಂಡದ್ದಕ್ಕೆ ಸಮ.

ರಾಟೆಯ ಉಪಯೋಗ

ಹಗ್ಗವನ್ನು ಮರಕ್ಕೆ ಕಟ್ಟಿದ ರಾಟೆಯೊಳಗೆ ಹಾಯಿಸಿ, ತುದಿಯನ್ನು ಮತ್ತೆ ಗಾಡಿಯ ಗಟ್ಟಿ ಕೊಂಡಿಗೆ ತಂದು ಸಿಕ್ಕಿಸಿದರೆ ಎಳೆತ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ವಿಂಚ್ ಕೊಳ್ಳುವವರು ಈ ರಾಟೆಯನ್ನು ಮರೆಯಬಾರದು. ಆದರೆ ಮರಕ್ಕೂ, ಮರಕ್ಕೆ ಸುತ್ತಿದ ಪಟ್ಟಿಗೂ ಆಗ ಬೀಳುವ ಎಳೆತ ಹಗ್ಗದ ಎಳೆತದ ಎರಡರಷ್ಟು. ಪಟ್ಟಿ, ರಾಟೆ, ಶ್ಯಾಕಲ್‌ಗಳು ಅಷ್ಟನ್ನು ತಡೆಯುವಂಥವಾಗಿರಬೇಕು.

ಕೊಳ್ಳುವಾಗ ಕೇಳಬೇಕಾದ್ದು

ಪ್ರತಿ ಪದರದಲ್ಲಿ ಎಷ್ಟು ಎಳೆತ, ಎಷ್ಟು ಆಂಪಿಯರ್ ಎಂಬ ಪಟ್ಟಿ ವಿಂಚಿನ ಜೊತೆಗೆ ಬರಬೇಕು. ಪಟ್ಟಿ ಕೊಡಲಾಗದ ಅಂಗಡಿಯಿಂದ ಕೊಳ್ಳಬೇಡಿ. ಪೂರ್ತಿ ಎಳೆತದಲ್ಲಿ 12 ವೋಲ್ಟಿನ ವಿಂಚ್ 400 ಆಂಪಿಯರ್‌ವರೆಗೂ ಕುಡಿಯುತ್ತದೆ. ಗಾಡಿಯ ಆಲ್ಟರ್ನೇಟರ್ ಕೊಡುವುದು ಸುಮಾರು 100 ಆಂಪಿಯರ್. ಉಳಿದ 300 ಬ್ಯಾಟರಿಯಿಂದ ಬರಬೇಕು. ಒಂದು ನಿಮಿಷಕ್ಕೆ 5 ಆಂಪಿಯರ್-ಗಂಟೆ ಖರ್ಚು. 70ರ ಬ್ಯಾಟರಿ ಆರೇಳು ನಿಮಿಷದಲ್ಲಿ ಅರ್ಧ ಬರಿದಾಗುತ್ತದೆ. ಆದ್ದರಿಂದ ಎಂಜಿನ್ ಓಡುತ್ತಿರಬೇಕು, ಒಂದು ನಿಮಿಷ ಎಳೆದು ಮೋಟಾರು ಆರಲು ಬಿಡಬೇಕು. ದಪ್ಪ ತಾಮ್ರದ ಕೇಬಲ್ಲು, ಬ್ಯಾಟರಿಯ ಹತ್ತಿರವೇ ಸಂಪರ್ಕ ಕಡಿಯುವ ಸ್ವಿಚ್ಚು ಇರಲೇಬೇಕು. ನಮ್ಮ ಮಳೆಗೆ ನೀರು ಹೊಗದಂತೆ ಮುಚ್ಚಿದ, ಐ.ಪಿ. 67 ಅಥವಾ 68 ಎಂದು ನಮೂದಿಸಿದ ಮೋಟಾರನ್ನೇ ಆರಿಸಬೇಕು.

ಹಗ್ಗದಲ್ಲಿ ಎರಡು ಬಗೆ. ಉಕ್ಕಿನದು ಕಲ್ಲಿಗೆ ಉಜ್ಜಿದರೂ ಬಾಳುತ್ತದೆ, ಆದರೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಮುರಿದ ಎಳೆಗಳು ಅಂಗೈ ಸೀಳುವುದರಿಂದ ಚರ್ಮದ ಕೈಗವಸಿಲ್ಲದೆ ಮುಟ್ಟಬಾರದು. ಡೈನೀಮಾ ಮುಂತಾದ ಕೃತಕ ನೂಲಿನ ಹಗ್ಗ ಬಲು ಹಗುರ, ಕಡಿದರೂ ಉಕ್ಕಿನಷ್ಟು ಭೀಕರವಾಗಿ ಬೀಸುವುದಿಲ್ಲ. ಆದರೆ ಬಿಸಿಲಿಗೂ, ಎಳೆಗಳೊಳಗೆ ಸೇರುವ ಮರಳಿಗೂ ಸವೆಯುತ್ತದೆ. ಪ್ರತಿ ಸಲವೂ ಶುದ್ಧ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಉಕ್ಕಿನ ಹಗ್ಗಕ್ಕೆ ಉರುಳೆಗಳ ಬಾಯಿ, ನೂಲಿನ ಹಗ್ಗಕ್ಕೆ ನುಣುಪಾದ ಅಲ್ಯೂಮಿನಿಯಂ ಬಾಯಿ ಬೇಕು. ಉಕ್ಕಿನ ಹಗ್ಗ ಓಡಿ ಗೀರುಬಿದ್ದ ಬಾಯಿಗೆ ನೂಲಿನ ಹಗ್ಗ ಹಾಕಿದರೆ ಬೇಗನೆ ಹಾಳಾಗುತ್ತದೆ.

ವಿಂಚ್ ಹಾಕಲೇಬೇಕೆನ್ನುವವರು ಮೂಲ ಬಂಪರನ್ನು ಉಳಿಸಿಕೊಂಡು, ಅದರ ಹಿಂದೆ ಷಾಸಿಯ ಎರಡೂ ಪಟ್ಟಿಗಳಿಗೆ ಬೋಲ್ಟಿನಿಂದ ಬಿಗಿಯುವ ತಟ್ಟೆಯ ಮೇಲೆ ಕೂರಿಸುವುದು ಮೇಲು. ಬೋಲ್ಟುಗಳು 8.8 ದರ್ಜೆಯವಾಗಿರಲಿ. ಷಾಸಿಗೆ ವೆಲ್ಡಿಂಗ್ ಮಾಡಿಸಬಾರದು, ಕಾಯ್ದ ಉಕ್ಕು ಅಲ್ಲಿಯೇ ದುರ್ಬಲವಾಗುತ್ತದೆ. ನಂಬರ್ ಪ್ಲೇಟು, ದೀಪಗಳು ಮರೆಯಾಗಬಾರದು. ಇದೂ ಗಾಡಿಗೆ ಮಾಡುವ ಸೇರ್ಪಡೆಯೇ ಆದ್ದರಿಂದ ಮೊದಲೇ ಆರ್.ಟಿ.ಒ. ಕಛೇರಿಯಲ್ಲಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ವಿಮಾ ಕಂಪೆನಿಗೂ ಬರೆದು ತಿಳಿಸಿ, ನಂತರ ಕೆಲಸ ಮಾಡಿಸತಕ್ಕದ್ದು. ಒಪ್ಪಿಗೆ ದೊರೆಯದಿದ್ದರೆ ಮಾಡಿಸಬಾರದು.

ಕೈಯಿಂದ ಎಳೆಯುವ ಯಂತ್ರ

ಬಹುಪಾಲು ಸದಸ್ಯರಿಗೆ ಇದಾವುದರ ಅಗತ್ಯವೂ ಇಲ್ಲವೆಂದು ನಮ್ಮ ಅಭಿಪ್ರಾಯ. ಮರದ ಕೆಲಸದವರು ಬಳಸುವ, ಟಿರ್‌ಫೋರ್ ಎಂಬ ಹೆಸರಿನಿಂದ ಪರಿಚಿತವಾದ, ಸನ್ನೆ ಹಾಕಿ ಉಕ್ಕಿನ ಹಗ್ಗ ಎಳೆಯುವ ಯಂತ್ರ ನಮ್ಮ ಕೆಲಸಕ್ಕೆ ಸಾಕು. ಇದು 800, 1,600, 3,200 ಕಿಲೋಗಳ ಅಳತೆಯಲ್ಲಿ ಬರುತ್ತದೆ. 1,600 ಕಿಲೋದ ಯಂತ್ರಕ್ಕೆ ಒಂದು ರಾಟೆ ಸೇರಿಸಿದರೆ ಉಜ್ಜುವಿಕೆಯ ನಷ್ಟ ಕಳೆದು 3,000 ಕಿಲೋದ ಆಸುಪಾಸು ಎಳೆತ ದೊರೆಯುತ್ತದೆ. ಮೂಟೆ ಇಳಿಸಿದ ನಮ್ಮ ಗಾಡಿಗೆ ಬೇಕಾದದ್ದು 2,100 ಮಾತ್ರ.

ಇದಕ್ಕೆ ಬ್ಯಾಟರಿ ಬೇಡ, ಗಾಡಿಗೆ ತೂತು ಕೊರೆಯುವುದು ಬೇಡ, ಆರ್.ಟಿ.ಒ. ಮುಂದೆ ನಿಲ್ಲುವುದೂ ಬೇಡ. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಎತ್ತ ಬೇಕಾದರೂ ಎಳೆಯಬಹುದು. ಮುಂದಿನ ವಿಂಚ್ ಗಾಡಿಯನ್ನು ಮುಂದಕ್ಕೆ ಮಾತ್ರ ಎಳೆಯುತ್ತದೆ, ಆದರೆ ಹೂತ ಗಾಡಿಗೆ ಬಹಳ ಸಲ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದೇ ಸುಲಭ. ಬಿದ್ದ ಮರ ಸರಿಸಲು, ಬಾಗಿದ ಬೇಲಿಕಂಬ ನೆಟ್ಟಗೆ ಮಾಡಲು ಕೂಡ ಇದೇ ಯಂತ್ರ ಒದಗುತ್ತದೆ. ಕೆಲಸ ನಿಧಾನ ಎಂಬುದೊಂದೇ ಕೊರತೆ. ಮಿತಿ ಮೀರಿ ಎಳೆದರೆ ಯಂತ್ರವನ್ನು ಕಾಪಾಡಲು ಸನ್ನೆಯ ಬುಡದಲ್ಲಿರುವ ಪಿನ್ನುಗಳು ಮುರಿಯುತ್ತವೆ. ಅವುಗಳ ಬದಲಿಗೆ ತಯಾರಕರ ಪಿನ್ನನ್ನೇ ಹಾಕಬೇಕು. ಮೊಳೆ ಹೊಡೆದು ಕೆಲಸ ಸಾಗಿಸಿದರೆ ಮುಂದಿನ ಸಲ ಮುರಿಯುವುದು ಪಿನ್ನಲ್ಲ, ಹಗ್ಗ.

ಕಟ್ಟುವ ಮರ, ನಿಲ್ಲುವ ಜಾಗ

ಯಾವ ಸಾಧನವಾದರೂ ಸರಿ, ಅಪಾಯವಿರುವುದು ಬಿಗಿದ ಹಗ್ಗದಲ್ಲಿ. ಉಕ್ಕಿನ ಹಗ್ಗ ಕಡಿದರೆ ಕತ್ತಿಯಂತೆ ಬೀಸುತ್ತದೆ. ಪೆಟ್ಟು ತಿನ್ನುವವರು ಸಾಮಾನ್ಯವಾಗಿ ಗಾಡಿಯ ಮಾಲೀಕರಲ್ಲ, ಪಕ್ಕದಲ್ಲಿ ನಿಂತು ತಳ್ಳುವ ಆಳುಗಳು. ಆದ್ದರಿಂದ ಈ ಮುಂದಿನವನ್ನು ಆಳುಗಳಿಗೆ, ಡ್ರೈವರುಗಳಿಗೆ ಓದಿ ಹೇಳಬೇಕೆಂದು ಕೋರುತ್ತೇವೆ.

1. ಸಿಲ್ವರ್ ಓಕ್, ಹಾಲುವಾಣದ ಮರಗಳಿಗೆ ಕಟ್ಟಬೇಡಿ. ಹಾಲುವಾಣ ಮೆದು, ಸಿಲ್ವರ್ ಓಕ್ ಫಕ್ಕನೆ ಮುರಿಯುವ ಮರ. ಅಡಿಕೆ ಮರ, ಕಾಫಿ ಗಿಡ, ಬೇಲಿಕಂಬಗಳ ಮಾತೇ ಬೇಡ. ಬಲಿತ ಹಲಸು, ಮತ್ತಿ, ಹೊನ್ನೆಯಂಥ ಮರವನ್ನು ಆರಿಸಿ, ಆದಷ್ಟು ಬುಡದ ಬಳಿ ಅಗಲವಾದ ಪಟ್ಟಿ ಸುತ್ತಿ ಕಟ್ಟಿ. ಮೆಣಸಿನ ಬಳ್ಳಿ ಹಬ್ಬಿದ ಮರವಾದರೆ ಬಳ್ಳಿ ಉಳಿಯುವುದಿಲ್ಲ.

2. ಹಗ್ಗವನ್ನು ಮರಕ್ಕೆ ಸುತ್ತಿ ಅದರ ಕೊಕ್ಕೆಯನ್ನು ಅದೇ ಹಗ್ಗಕ್ಕೆ ಸಿಕ್ಕಿಸಬಾರದು. ಗಾಡಿಯ ಕಡೆಯಲ್ಲಿ ಎಳೆಯಲೆಂದೇ ಇರುವ ಕೊಂಡಿಗೆ ಮಾತ್ರ ಸಿಕ್ಕಿಸಬೇಕು. ಸಾಗಿಸುವಾಗ ಬಿಗಿದು ಕಟ್ಟಲು ಇರುವ ಸಣ್ಣ ಬಳೆಗಳು ಕಿತ್ತು ಗುಂಡಿನಂತೆ ಹಾರುತ್ತವೆ.

3. ಹಗ್ಗದ ನಡುವೆ ಒದ್ದೆ ಗೋಣಿಚೀಲಗಳನ್ನೋ ಕಂಬಳಿಯನ್ನೋ ಹೊದಿಸಿ. ಕಡಿದರೂ ಆ ಭಾರ ಹಗ್ಗವನ್ನು ನೆಲಕ್ಕೆ ಒತ್ತುತ್ತದೆ.

4. ಹೊರಗೆ ಬಿಟ್ಟ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಎಲ್ಲರೂ ನಿಲ್ಲಬೇಕು. ಬಿಗಿದ ಹಗ್ಗವನ್ನು ದಾಟಬಾರದು. ರಾಟೆ ಹಾಕಿದಾಗ ಎರಡು ಹಗ್ಗಗಳ ಒಳಗಿನ ಮೂಲೆ ಎಲ್ಲಕ್ಕಿಂತ ಅಪಾಯದ ಜಾಗ. ಹಗ್ಗ ಎಳೆಯುತ್ತಿರುವಾಗ ಗಾಡಿಯನ್ನು ತಳ್ಳಲು ಯಾರನ್ನೂ ಬಿಡಬಾರದು.

5. ಗಾಡಿ ಜಾರಿದರೆ ಹೋಗುವ ಇಳಿಜಾರಿನಲ್ಲಿ ಯಾರೂ ಇರಕೂಡದು. ಒಬ್ಬರು ಮಾತ್ರ ಸನ್ನೆ ಮಾಡಬೇಕು, ಉಳಿದವರು ಸುಮ್ಮನಿರಬೇಕು.

ಖರ್ಚಿನ ಕ್ರಮ

ಕೊನೆಯದಾಗಿ, ಕೈಯಲ್ಲಿರುವ ಹಣವನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕೆಂಬುದನ್ನು ಹೇಳುತ್ತೇವೆ. ಮೊದಲು ರಸ್ತೆ. ಮೇ ತಿಂಗಳಲ್ಲಿ ಅಡ್ಡಚರಂಡಿ ತೆಗೆಸಿ, ಗಾಡಿ ಹೂಳುವ ಎರಡು ಮೂರು ಜಾಗಗಳಿಗೆ ಕಲ್ಲು, ಗ್ರಾವೆಲ್ ಹಾಕಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಎರಡನೆಯದು ಒಳ್ಳೆಯ ಹಲ್ಲಿನ ಟಯರು ಮತ್ತು ಚಕ್ರಕ್ಕೆ ಸುತ್ತುವ ಚೈನು. ಚೈನು ತೋಟದೊಳಗೆ ಮಾತ್ರ, ಡಾಂಬರು ರಸ್ತೆ ಬಂದೊಡನೆ ಬಿಚ್ಚಬೇಕು. ಮೂರನೆಯದು ಗಾಡಿಯಲ್ಲಿ ಸದಾ ಇರಬೇಕಾದ ಗುದ್ದಲಿ, ಎರಡು ಹಲಗೆ, ಜಾಕಿ. ನಾಲ್ಕನೆಯದು ಕೈಯಂತ್ರ, ರಾಟೆ, ಪಟ್ಟಿ, ಶ್ಯಾಕಲ್. ಇವನ್ನು ಪ್ರತಿಯೊಬ್ಬರೂ ಕೊಳ್ಳಬೇಕಾಗಿಲ್ಲ. ಒಂದೇ ರಸ್ತೆಯನ್ನು ಬಳಸುವ ಐದಾರು ಮನೆಯವರು ಸೇರಿ ಒಂದು ಜೊತೆ ಇಟ್ಟುಕೊಂಡರೆ ಸಾಕು. ಸಹಕಾರವೆಂದರೆ ಅದೇ ತಾನೆ. ದಿನನಿತ್ಯ ಕಡಿದಾದ ಏರು ಹತ್ತಲೇಬೇಕಾದವರಿಗೆ, ಅದೂ ಒಪ್ಪಿಗೆ ಪಡೆದ ನಂತರ, ವಿದ್ಯುತ್ ವಿಂಚ್ ಐದನೆಯದು.

ಉಕ್ಕಿನ ಬಂಪರಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಈಗಾಗಲೇ ಹಾಕಿಸಿರುವ ಸದಸ್ಯರು ಮೂಲ ಬಂಪರನ್ನು ಹುಡುಕಿ ತೆಗೆದು ಈ ಮಳೆಗಾಲಕ್ಕೆ ಮುಂಚೆಯೇ ಮತ್ತೆ ಹಾಕಿಸಿಕೊಳ್ಳುವುದು ಒಳ್ಳೆಯದು. ಒಟ್ಟಾಗಿ ಕೈಯಂತ್ರ ಕೊಳ್ಳಬಯಸುವ ಸದಸ್ಯರು ತಮ್ಮ ಹೆಸರು, ಊರನ್ನು ಕಛೇರಿಯಲ್ಲಿ ಬರೆಸಿದರೆ ಒಂದೇ ರಸ್ತೆಯವರನ್ನು ಒಟ್ಟು ಸೇರಿಸುವ ಕೆಲಸವನ್ನು ನಾವು ಮಾಡಿಕೊಡುತ್ತೇವೆ.

— ಕಾರ್ಯದರ್ಶಿ